ಎಣಿಕೆ ನಿಂತ ಹೊತ್ತು

ಮೊದಲ ಏಟು ಕಪಾಳಕ್ಕೆ ಬಿತ್ತು. ಅವಳು ಹಾಕಿಕೊಂಡಿದ್ದ ಹೆಡ್‌ಫೋನ್ ಹಾರಿ ಮೇಜಿನ ಕೆಳಗೆ ಹೋಯಿತು. ನಿಯಂತ್ರಣ ಕೋಣೆಯಲ್ಲಿದ್ದ ಹನ್ನೊಂದು ಜನರೂ ತಂತಮ್ಮ ಪರದೆಗಳನ್ನು ಇದೇ ಮೊದಲ ಸಲ ಕಂಡವರಂತೆ ನೋಡತೊಡಗಿದರು. ಹೊಡೆದವನು ಬಾಹ್ಯಾಕಾಶ ಕೇಂದ್ರದ ನಿರ್ದೇಶಕ. ಹೊಡೆಸಿಕೊಂಡವಳು ಅವನ ಒಡಹುಟ್ಟಿದ ತಂಗಿ, ನಲವತ್ತೊಂದರ ಹೆಂಗಸು. ಅಣ್ಣ ತಂಗಿಯರ ಜಗಳದಲ್ಲಿ ಮೂಗು ತೂರಿಸುವುದು ಯಾರಿಗೆ ಬೇಕು?

"ಎಣಿಕೆ ಸೊನ್ನೆಗೆ ಬಂದಿದೆ. ಸೌರ ಬಿರುಗಾಳಿ ಮುಗೀತು. ಇನ್ನೇನು ನಿಂದು?" ಎಂದ ಅವನು.

"ಮುಗಿದಿಲ್ಲ ಅಣ್ಣ. ಜಾಸ್ತಿ ಆಗಿದೆ."

"ಸೊನ್ನೆ ಅಂದ್ರೆ ಜಾಸ್ತೀನಾ? ಎತ್ತು ಈಯ್ತು ಅಂತ ನೀನಂದ್ರೆ ನಾನು ಕೊಟ್ಟಿಗೆಗೆ ಕಟ್ಟಬೇಕಾ?"

ಅವರು ಕಳಿಸಿದ್ದ ನೌಕೆ ಕೆಂಪು ಗ್ರಹವನ್ನು ಸುತ್ತುತ್ತಿತ್ತು. ಅದರ ಮೈಗೆ ಬಡಿಯುವ ವಿಕಿರಣದ ಕಣಗಳನ್ನು ಒಂದೊಂದಾಗಿ ಎಣಿಸುವ ಉಪಕರಣ ಅವಳದು, ಒಂಬತ್ತು ವರ್ಷ ಕೂತು ಮಾಡಿದ್ದು. ಬೆಳಿಗ್ಗೆ ಸೂರ್ಯ ಸಿಡಿದಾಗಿನಿಂದ ಎಣಿಕೆ ಸಾವಿರ, ಹತ್ತು ಸಾವಿರ, ಲಕ್ಷ ಎಂದು ಏರುತ್ತ ಹೋಗಿ ಒಮ್ಮೆಲೇ ಸೊನ್ನೆಯಾಗಿತ್ತು. ಒಂದು ಏಟಿನಿಂದ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು, ಮತ್ತೊಂದು ಬಿದ್ದರೆ ಆ ಉಪಕರಣ ಎಣಿಸುವುದನ್ನೇ ಬಿಟ್ಟು ಮೂಕವಾಗುತ್ತದೆ. ಕೈಪಿಡಿಯಲ್ಲಿ ಅದನ್ನು ಅವಳು ಕೆಂಪಕ್ಷರದಲ್ಲಿ ಬರೆದಿದ್ದಳು. ಅಣ್ಣ ಸಹಿ ಹಾಕಿದ್ದ, ಓದಿರಲಿಲ್ಲ.

ಬಿರುಗಾಳಿ ನಿಲ್ಲುವವರೆಗೆಂದು ನೌಕೆಯ ಕ್ಯಾಮೆರಾ ಆರಿಸಿಟ್ಟಿದ್ದರು. ಈಗ ಹಚ್ಚಿದರೆ ಕ್ಯಾಮೆರಾ ಸುಡುತ್ತದೆ, ಜೊತೆಗೆ ನೌಕೆಯೂ ಕೈಬಿಟ್ಟು ಹೋಗುತ್ತದೆ. ಆದರೆ ಸಂಜೆಯೊಳಗೆ ಚಿತ್ರ ಕೊಡುತ್ತೇನೆಂದು ಅಣ್ಣ ಮೇಲಿನವರಿಗೆ ಮಾತು ಕೊಟ್ಟಿದ್ದ. ಆಜ್ಞೆ ಹೊರಟರೆ ಅಲ್ಲಿಗೆ ಮುಟ್ಟಲು ಹನ್ನೆರಡು ನಿಮಿಷ. ನಡುದಾರಿಯಿಂದ ವಾಪಸು ಕರೆಯುವಂತಿಲ್ಲ.

"ಮರಿ ಎಣಿಕೆ ಬರಲಿ ಅಣ್ಣ. ಇನ್ನು ಇಪ್ಪತ್ತೇ ನಿಮಿಷ," ಎಂದಳು. ದಪ್ಪ ಲೋಹದ ಪೆಟ್ಟಿಗೆಯೊಳಗೆ ಅವಳು ಇನ್ನೊಂದು ಪುಟ್ಟ ಉಪಕರಣ ಇಟ್ಟಿದ್ದಳು. ಅದು ಗಂಟೆಗೊಮ್ಮೆ ಮಾತ್ರ ಸುದ್ದಿ ಕಳಿಸುತ್ತಿತ್ತು.

ಎರಡನೆಯ ಏಟು ಮುಷ್ಟಿಯದು. ತುಟಿ ಒಡೆಯಿತು. ಅವನು ಕೂದಲು ಹಿಡಿದು ಅವಳ ಮುಖವನ್ನು ಪರದೆಗೆ ಒತ್ತಿದ. ಸೊನ್ನೆಯ ಮೇಲೆ ರಕ್ತ ಮೆತ್ತಿಕೊಂಡಿತು.

"ನೋಡು, ಕಣ್ಬಿಟ್ಟು ನೋಡು! ಅಪ್ಪ ಸತ್ಮೇಲೆ ಹೊಡೆದು ಬಡಿದು ನಿನ್ನ ಮನುಷ್ಯಳನ್ನ ಮಾಡಿದ್ದೀನಿ. ನನಗೇ ಪಾಠ ಹೇಳ್ತೀಯ?"

ಅದೇನೋ ನಿಜ. ಹನ್ನೆರಡನೆಯ ವಯಸ್ಸಿನಿಂದ ಅವನ ಬೆಲ್ಟಿಗೂ ಅವಳ ಬೆನ್ನಿಗೂ ಹಳೆಯ ಪರಿಚಯ. ಮೊದಮೊದಲು ಕಿರುಚುತ್ತಿದ್ದಳು, ಆಮೇಲೆ ಬಿಟ್ಟಳು. "ನಮ್ಮ ಪುಟ್ಟಿ ಈಗ ಜಾಣೆ, ಬಾಯೇ ಬಿಡಲ್ಲ," ಎಂದು ಅವನು ನೆಂಟರೆದುರು ಹೊಗಳುತ್ತಿದ್ದ.

ಈಗಲೂ ಅವಳು ಸುಮ್ಮನಾದಳು. ಒಪ್ಪಿದಳೆಂದುಕೊಂಡು ಅವನು ಕೂದಲು ಬಿಟ್ಟ. ಆಜ್ಞೆ ಕಳಿಸಲು ಕೀಲಿ ತಿರುಗಿಸಬೇಕು. ಅದನ್ನು ಜೇಬಿನಿಂದ ತೆಗೆದು, ಎಡಗೈಯನ್ನು ಮೇಜಿಗೆ ಊರಿ ಬಗ್ಗಿದ.

ಅವಳ ಮೇಜಿನ ಮೇಲೆ ಸೀಸದ ಅರ್ಧ ಇಟ್ಟಿಗೆಯೊಂದಿತ್ತು. ಪ್ರಯೋಗಾಲಯದಲ್ಲಿ ವಿಕಿರಣಕ್ಕೆ ಅಡ್ಡ ಇಡುವಂಥದ್ದು, ಐದು ಕಿಲೋ. ಕಾಗದ ಹಾರದಿರಲೆಂದು ಅದನ್ನು ಇಟ್ಟುಕೊಂಡಿದ್ದಕ್ಕೆ ಎಲ್ಲರೂ ನಗುತ್ತಿದ್ದರು. ಎರಡೂ ಕೈಯಿಂದ ಎತ್ತಿ ಅವನ ಎಡಗೈಯ ಮೇಲೆ ಅಪ್ಪಳಿಸಿದಳು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಅವನು ಊಳಿಡುತ್ತ ಕುಸಿದ. ಆದರೂ ಬಲಗೈ ನೆಲಕ್ಕೆ ಬಿದ್ದ ಕೀಲಿಗಾಗಿ ತಡಕಾಡಿತು. ಎರಡನೆಯ ಸಲ ಇಟ್ಟಿಗೆ ಆ ಕೈಗೆ ಒಂದು ಗೇಣು ಆಚೆ ಬಿದ್ದು ನೆಲದ ಹಾಸುಗಲ್ಲು ಸೀಳಿತು. ಕೈ ಹಿಂದೆ ಸರಿಯಿತು.

ಅವಳಿಗೆ ಹೆದರಿಕೆಯಾಗಲಿಲ್ಲ. ಎಷ್ಟೋ ದಿನ ಹಸಿದವಳಿಗೆ ಊಟ ಸಿಕ್ಕ ಹಾಗಾಯಿತು, ಅದಕ್ಕೆ ನಾಚಿಕೆಯೂ ಆಯಿತು.

ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಇನ್ಯಾರೋ ಅವನನ್ನು ಎತ್ತಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೈಗೆ ಟವೆಲು ಸುತ್ತಿದರು. ಇಪ್ಪತ್ತು ನಿಮಿಷ ಕಳೆಯಿತು.

"ಮರಿ ಎಣಿಕೆ ಬಂತು ಮೇಡಂ," ಎಂದ ಆಂಟೆನಾ ನೋಡಿಕೊಳ್ಳುವವನು. "ಬೆಳಗಿನದರ ಹದಿನೇಳು ಪಟ್ಟು. ಇಷ್ಟು ಯಾವತ್ತೂ ಬಂದಿರ್ಲಿಲ್ಲ."

ಅಣ್ಣ ಕೈಯನ್ನು ಎದೆಗವುಚಿಕೊಂಡು ಕೂತಿದ್ದ. "ಏನಾದ್ರೂ ಮಾತಾಡು ಪುಟ್ಟಿ," ಎಂದ.

ಅವಳು ಮಾತಾಡಲಿಲ್ಲ. ಇಟ್ಟಿಗೆ ಅವಳ ತೊಡೆಯ ಮೇಲಿತ್ತು. ಅವನು ಪರದೆಯ ಮೇಲಿನ ಸೊನ್ನೆಯನ್ನು ನೋಡಿದ, ಅವಳ ಮುಚ್ಚಿದ ಬಾಯನ್ನು ನೋಡಿದ. ಆಮೇಲೆ ಕಾಲಿನಿಂದ ನೆಲ ತಳ್ಳಿ, ತನ್ನ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡ.