ದೂರ ನಿಂತರೆ ಸರಿ ತೂಕ

“ತಕ್ಕಡಿ ನೋಡದೆ ಒಂದು ಸಾಲೂ ಬರೆಯೋಲ್ಲ,” ಎಂದಳು ಊರ್ಸಿನಾ, ಜರ್ಮನ್‌ನಲ್ಲಿ.

“ನಾನು ಇಷ್ಟು ವರ್ಷ ನೋಡದೇ ಬರೆಸಿದ್ದೀನಲ್ಲ,” ಎಂದ ಸಿಲ್ವೇನ್, ಫ್ರೆಂಚ್‌ನಲ್ಲಿ.

ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ಇದು ಜಗಳವಲ್ಲ. ಅವರವರ ಭಾಷೆ ಅವರವರಿಗೆ, ಎದುರಿನವರಿಗೆ ಅರ್ಥವಾಗುತ್ತದೆ. ಸಿಲ್ವೇನ್ ತನ್ನ ಹೆಂಡತಿ ಬಾರ್ಬ್ಲಿಯ ಜೊತೆ ಹೀಗೆಯೇ ಸಂಸಾರ ಮಾಡಿಕೊಂಡು ಬಂದಿದ್ದ. ಒಂದು ದಿನವೂ ಮಾತಿಗೆ ಮಾತು ಬೆಳೆದಿರಲಿಲ್ಲ. ಅವನು ಮನೆಯಲ್ಲಿದ್ದಾಗ ಅವಳು ಕೂತಲ್ಲಿ ಕೂರುತ್ತಿರಲಿಲ್ಲ, ಏನಾದರೂ ಒರೆಸುತ್ತಲೇ ಇರುತ್ತಿದ್ದಳು. ಚುರುಕಿನ ಹೆಂಗಸು ಎಂದು ಅವನಿಗೆ ಹೆಮ್ಮೆ.

ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿಗಳ ಕಂಪನಿ. ಅವುಗಳ ಕೈಪಿಡಿಯನ್ನು ಫ್ರೆಂಚ್‌ನಿಂದ ಜರ್ಮನ್‌ಗೆ ಅನುವಾದ ಮಾಡಿಸುವುದು ಸಿಲ್ವೇನನ ಕೆಲಸ. ಹಳೆಯ ಅನುವಾದಕ ನಿವೃತ್ತನಾದ ಮೇಲೆ ಹುಡುಕಿ ಹುಡುಕಿ ಸುಸ್ತಾಗಿದ್ದ. ಭಾಷೆ ಬಂದವರಿಗೆ ತಕ್ಕಡಿ ತಿಳಿಯದು, ತಕ್ಕಡಿ ತಿಳಿದವರಿಗೆ ಭಾಷೆ ಬಾರದು. ಹಲ್ಲಿದ್ದವನಿಗೆ ಕಡಲೆ ಇಲ್ಲ. ಇವತ್ತು ಸಂಜೆಯೊಳಗೆ ಯಾರೂ ಸಿಗದಿದ್ದರೆ ಕೆಲಸವೆಲ್ಲ ಜ್ಯೂರಿಕ್‌ನ ಏಜೆನ್ಸಿಗೆ, ಅವನ ಕಚೇರಿ ಕೋಣೆಗೆ ಬೀಗ. ಊರ್ಸಿನಾಳ ಮಾದರಿ ಪುಟ ಓದಿದಾಗ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಇಬ್ಬರೂ ನೆಲಮಾಳಿಗೆಗೆ ಇಳಿದರು. ಗಾಜಿನ ಗೂಡಿನೊಳಗಿನ ತಟ್ಟೆಯ ಮೇಲೆ ಅವಳು ಚಿಮಟದಿಂದ ಒಂದು ತೂಕದ ಬಟ್ಟು ಇಟ್ಟಳು. ತಕ್ಕಡಿಯ ಪರದೆಯಲ್ಲಿ ಕೊನೆಯ ಅಂಕಿಗಳು ಕುಣಿಯತೊಡಗಿದವು.

“ಕೆಟ್ಟಿದೆಯೇನೋ,” ಎಂದ ಸಿಲ್ವೇನ್.

“ಕೆಟ್ಟಿಲ್ಲ. ನಮ್ಮ ಮೈ ಬಿಸಿ, ನಮ್ಮ ಉಸಿರು. ಬನ್ನಿ, ಆಚೆ ಹೋಗೋಣ.”

ಹೊರಗೆ ನಿಂತು ಬಾಗಿಲ ಗಾಜಿನಲ್ಲಿ ನೋಡಿದರು. ಅಂಕಿಗಳು ಒಂದೊಂದಾಗಿ ನಿಂತವು.

“ಹತ್ತಿರ ಯಾರೂ ಇರಬಾರದು ಅಂತ ಒಂದು ಸಾಲು ಸೇರಿಸ್ತೀನಿ,” ಎಂದಳು.

“ಫ್ರೆಂಚ್‌ನಲ್ಲಿ ಅದಿಲ್ಲ.”

“ಬರೆದೋರು ಪಕ್ಕದಲ್ಲೇ ನಿಂತಿದ್ರೇನೋ.”

ಅವನು ಮನಸಾರೆ ನಕ್ಕ. ಅಲ್ಲೇ ಒಪ್ಪಂದವಾಯಿತು. ಕೋಣೆ ಉಳಿಯಿತು.

ಬೇಗನೆ ಮನೆಗೆ ಹೊರಟ. ದಾರಿಯಲ್ಲಿ ಬಾರ್ಬ್ಲಿಗೆಂದು ಸೇಬಿನ ಕೇಕು ಕೊಂಡ. ಇಷ್ಟು ಸಂತೋಷವಾಗಿ ಬಹಳ ದಿನವಾಗಿತ್ತು.

ಹೊರಗಿನಿಂದಲೇ ಅಡುಗೆಮನೆಯ ಕಿಟಕಿಯಲ್ಲಿ ಅವಳು ಕಂಡಳು. ಕುರ್ಚಿಯಲ್ಲಿ ಕೂತಿದ್ದಳು. ಕೈಗಳು ಮಡಿಲಲ್ಲಿದ್ದವು. ಒರೆಸುವ ಬಟ್ಟೆ ಮೊಳೆಗೆ ನೇತುಬಿದ್ದಿತ್ತು. ಮುಖದಲ್ಲಿ ಅವನು ಎಂದೂ ನೋಡದ ನೆಮ್ಮದಿ.

ಸುದ್ದಿ ಬಾಯಿತುದಿಯಲ್ಲಿತ್ತು, ಕೈಯಲ್ಲಿ ಬೀಗದ ಕೈ. ಗಾಜಿನ ಮೇಲೆ ಅವನ ಉಸಿರು ಮಬ್ಬಾಗಿ ಹರಡಿತು.

ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ.