ಅಯ್ಯನವರ ಪಿಕಪ್ಪಿನ ಮುಂದಿನ ಗಾಲಿ

ಪಿಕಪ್ಪು ಕೆಸರಿನಲ್ಲಿ ಹೂತುಕೊಂಡರೆ ಹೊರ್ತಿಯ ಚನ್ನಬಸಯ್ಯನಿಗೆ ಅಷ್ಟೇನೂ ಸಿಟ್ಟು ಬರುತ್ತಿರಲಿಲ್ಲ. ಅದನ್ನು ಎಳೆಯಲು ಹೆಂಡತಿಯ ತಮ್ಮ ಅನಿಲ ಟ್ರ್ಯಾಕ್ಟರ್ ತಂದಾಗ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅನಿಲ ಸುಮ್ಮನೆ ಎಳೆಯುವವನಲ್ಲ. ಮೊದಲು ಫೋಟೊ ತೆಗೆಯುತ್ತಿದ್ದ, ಬೀಗರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ, 'ಮಾಮಾ ಮತ್ತ ಭೂಮಿತಾಯಿಗೆ ಸಾಷ್ಟಾಂಗ ಹಾಕ್ಯಾರ' ಎಂದು ಬರೆಯುತ್ತಿದ್ದ. ಹಗ್ಗ ಬಿಚ್ಚುವುದು ಆಮೇಲೆ.

ಆ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು. ಒಂದು ಮಳೆ ಬಿದ್ದರೆ ಹೋಳಿಗೆಯ ಹೂರಣ. ಅವನು ಬಾಡಿಗೆಗೆ ಲಿಂಬೆ ಹೇರುತ್ತಿದ್ದ ತೋಟಗಳೋ ಡಾಂಬರು ರಸ್ತೆಯಿಂದ ಬಹಳ ಒಳಗೆ. ಚನ್ನಬಸಯ್ಯನ ಹಳೆಯ ಪಿಕಪ್ಪಿನಲ್ಲಿ ಎಂಜಿನ್ನಿನ ಮಾತು ಕೇಳುತ್ತಿದ್ದದ್ದು ಹಿಂದಿನ ಎರಡು ಗಾಲಿ ಮಾತ್ರ. ಮುಂದಿನವು ಮದುವೆಗೆ ಬಂದ ದೂರದ ಬೀಗರಂತೆ ಬರೀ ಜೊತೆಗೆ ಉರುಳುತ್ತಿದ್ದವು.

ಒಂದು ದಿನ ಅವನು ಗಾಡಿಯನ್ನು ನೇರ ಝಳಕಿಗೆ ಓಡಿಸಿದ. ಅಲ್ಲಿ ಹೆದ್ದಾರಿಯ ಪಕ್ಕ ಕುತುಬುದ್ದೀನನ ಗ್ಯಾರೇಜು.

"ಕುತುಬಣ್ಣ, ಮುಂದಿನ ಗಾಲಿಗೂ ಎಂಜಿನ್ ಕೂಡಿಸಾಕ ಆಗ್ತೈತೇನು?"

"ಆಕಳಿಗಿ ರೆಕ್ಕಿ ಕೂಡ್ಸಂದ್ರೂ ಕೂಡಸ್ತೇನ್ರಿ ಅಯ್ಯನೋರ. ಹಾರೂದು ಬಿಡೂದು ಆಕಳ ನಸೀಬ."

ಕುತುಬುದ್ದೀನ ಇಂಥ ಕೆಲಸ ಹಿಂದೆಂದೂ ಮಾಡಿರಲಿಲ್ಲ. ಆದರೆ 'ಬರೂದಿಲ್ಲ' ಎಂಬ ಮಾತು ಅವನ ಬಾಯಿಂದ ಹುಟ್ಟಿದ್ದೇ ಇಲ್ಲ. ಅದು ಅವನ ಬಂಡವಾಳ, ಗಿರಾಕಿಗಳ ಹಣೆಬರಹ.

ಸೋಲಾಪುರದ ಗುಜರಿಯಿಂದ ಹಳೆಯ ಜೀಪೊಂದರ ಮುಂದಿನ ಆ್ಯಕ್ಸಲ್ ಬಂತು. ಎಂಜಿನ್ನಿನ ಜೋರನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಕಬ್ಬಿಣದ ಪೆಟ್ಟಿಗೆ ಬಂತು. ಸೀಟಿನ ಪಕ್ಕ ಹೊಸದೊಂದು ಲಿವರ್ ಎದ್ದು ನಿಂತಿತು. ಒಂದೇ ತೊಡಕು: ಆ್ಯಕ್ಸಲ್ಲಿನಲ್ಲಿ ಹಲ್ಲುಗಾಲಿಗಳು ಕೂಡುವ ಗುಂಡು ಎಡಕ್ಕಿತ್ತು, ಪೆಟ್ಟಿಗೆಯಿಂದ ಬರುವ ಸರಳು ಬಲಕ್ಕೆ. ಕುತುಬುದ್ದೀನ ಒಂದು ಚಹಾ ಕುಡಿದು ಯೋಚಿಸಿ, ಇಡೀ ಆ್ಯಕ್ಸಲ್ಲನ್ನು ಬೋರಲು ಹಾಕಿದ. ಗುಂಡು ಬಲಕ್ಕೆ ಬಂತು.

"ಮ್ಯಾಲಿನವ ಬುದ್ಧಿ ಹಂಚೂವಾಗ ನಾ ಪಾಳೇದಾಗ ಮೊದಲ ನಿಂತಿದ್ದೆ ನೋಡ್ರಿ" ಎಂದ.

ಪರೀಕ್ಷೆ ನೋಡಲು ಚನ್ನಬಸಯ್ಯ ಹೆಂಡತಿ ಸುಮಿತ್ರಾಬಾಯಿಯನ್ನೂ ಕರೆತಂದ. ಗ್ಯಾರೇಜಿನ ಹಿಂದಿನ ಹೊಲದಲ್ಲಿ ಗಾಡಿ ನಿಲ್ಲಿಸಿ, ಲಿವರ್ ಎಳೆದು, ಕ್ಲಚ್ ಬಿಟ್ಟ. ಪಿಕಪ್ಪು ಕಿರುಚಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನಾಯಿ ಕಂಡ ಬೆಕ್ಕಿನಂತೆ ಬೆನ್ನು ಗೂನು ಮಾಡಿ, ನಿಂತಲ್ಲೇ ನಾಲ್ಕು ಗುಂಡಿ ತೋಡಿತು.

"ಹೊಸಾದಲ್ರಿ, ನಾಚಾಕತ್ತೈತಿ" ಎಂದ ಕುತುಬುದ್ದೀನ.

ಪಕ್ಕದಲ್ಲಿ ನಿಂತಿದ್ದ ಸುಮಿತ್ರಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಏನ್ರಿ, ಹಿಂದಿನ ಗಾಲಿ ವಿಜಾಪುರಕ್ಕ ಹೊಂಟಾವ, ಮುಂದಿನವು ಸೋಲಾಪುರಕ್ಕ. ಮೊದಲ ಅವರವರೊಳಗ ಮಾತುಕತಿ ಮುಗಿಸ್ರಿ!"

ಆ್ಯಕ್ಸಲ್ ಬೋರಲಾದಾಗ ಗಾಲಿ ತಿರುಗುವ ದಿಕ್ಕೂ ಬೋರಲಾಗಿತ್ತು. ಆ ಗುಂಡಿಗಳ ಫೋಟೊ ಸಂಜೆಯೊಳಗೆ ಬೀಗರ ಗುಂಪಿನಲ್ಲಿತ್ತು. ಕಳಿಸಿದವಳು ಸ್ವಂತ ಹೆಂಡತಿ.

ಕುತುಬುದ್ದೀನ ಮುಖ ಸಣ್ಣದು ಮಾಡಿಕೊಂಡು ಮತ್ತೆ ಸೋಲಾಪುರಕ್ಕೆ ಹೋಗಿ, ಗುಂಡು ಬಲಕ್ಕಿರುವ ಇನ್ನೊಂದು ಆ್ಯಕ್ಸಲ್ ಹುಡುಕಿ ತಂದ. ಈ ಸಲ ನಾಲ್ಕೂ ಗಾಲಿ ಒಂದೇ ಊರಿಗೆ ಹೊರಟವು. ಗಾಡಿ ಮಾತ್ರ ಗೇಣುದ್ದ ಎತ್ತರವಾಗಿ, ಹತ್ತುವಾಗ ಚನ್ನಬಸಯ್ಯ ಹಳ್ಳ ದಾಟುವವನಂತೆ ಧೋತರ ಎತ್ತಿ ಹಿಡಿಯಬೇಕಾಯಿತು.

ವಾರದೊಳಗೇ ಕುತುಬುದ್ದೀನನ ಅಣ್ಣನ ಮಗಳು ಸಗೀರಾಳ ನಿಕಾಹ್ ಬಂತು. ಚಪ್ಪರ ಹೊರ್ತಿಯಾಚೆ ಅವರ ತೋಟದ ಮನೆಗಳಿದ್ದ ವಸ್ತಿಯಲ್ಲಿ. ನಸುಕಿನಿಂದಲೇ ಮಳೆ ಹೊಡೆಯಿತು. ಇಂಡಿಯಿಂದ ಊಟ ತಂದ ಟೆಂಪೊ ಡಾಂಬರು ಮುಗಿದಲ್ಲೇ ನಿಂತುಬಿಟ್ಟಿತು. ಕುತುಬುದ್ದೀನ ಫೋನ್ ಮಾಡಿದ.

"ಅಯ್ಯನೋರ, ನಿಮಗ ಕೇಳಬಾರದು. ಆದ್ರೂ ಕೇಳಾಕತ್ತೇನಿ. ಹಂಡೆ ಒಯ್ಯೂದೈತಿ."

"ಅದಕ್ಯಾಕ ಇಷ್ಟ ಅಂಜತಿ? ಏನೈತಿ ಹಂಡೇದಾಗ?"

ಕುತುಬುದ್ದೀನ ದನಿ ಇಳಿಸಿದ. "ಬಿರಿಯಾನಿರಿ."

ಚನ್ನಬಸಯ್ಯ ಊರವರ ಮನೆಗಳಲ್ಲಿ ಪಾದಪೂಜೆ ಮಾಡಿಸಿಕೊಳ್ಳುವ ಮನೆತನದವನು. ಅವನ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿರಲಿಲ್ಲ. ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ.

"ಕರದದ್ದು ಗಾಡಿನ್ನ" ಎಂದಳು ಸುಮಿತ್ರಾಬಾಯಿ. "ನಿಮಗ ತಿನ್ನಂದಾರೇನು? ಏಳ್ರಿ, ಕೂಸಿನ ಮದಿವಿ ಅದು."

ಅವನು ಕೊರಳಿನ ಲಿಂಗವನ್ನು ಅಂಗಿಯೊಳಗೆ ಇಳಿಸಿ, ಎಂದೂ ಹಾಕದ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಹೊರಟ.

ಹಂಡೆಗಳನ್ನು ತಬ್ಬಿಕೊಂಡು ಕುತುಬುದ್ದೀನ ಹಿಂದೆ ಕೂತ. ದಾರಿ ದಾರಿಯಾಗಿರಲಿಲ್ಲ, ಹರಿವಾಣದ ತುಂಬ ಕಲಸಿದ ಕರಿ ಹಿಟ್ಟಾಗಿತ್ತು. ಹಳ್ಳದ ಇಳುಕಲಿನಲ್ಲಿ ಗಾಡಿ ಸೊಂಟ ತಿರುಗಿಸಿತು. ಚನ್ನಬಸಯ್ಯ ಲಿವರ್ ಎಳೆದ. ಮುಂದಿನ ಗಾಲಿಗಳು ಒಮ್ಮೆ ತಡವರಿಸಿ, ಆಮೇಲೆ ಮಣ್ಣನ್ನು ಕಚ್ಚಿ ಹಿಡಿದವು. ಗಾಡಿ ಮುಗ್ಗರಿಸುತ್ತ, ಗುರುಗುಡುತ್ತ ದಂಡೆ ಹತ್ತಿತು. ಅವನ ಕಣ್ಣಲ್ಲಿ ನೀರು ಬಂತು. ಹಿಂದಿನ ಕಿಟಕಿಯಿಂದ ಬಿಸಿ ಘಮ ನುಗ್ಗಿ ಹೊಟ್ಟೆ ಚುರ್ ಎಂದದ್ದು ಮಾತ್ರ ಅವನಿಗೆ ಸರಿಬರಲಿಲ್ಲ. ಹೊಟ್ಟೆಯನ್ನೇ ಬೈದ.

ವಸ್ತಿಯಲ್ಲಿ ಜನ ಸಿಳ್ಳೆ ಹಾಕಿ ಹಂಡೆ ಇಳಿಸಿಕೊಂಡರು. ಕುತುಬುದ್ದೀನನ ಹೆಂಡತಿ ಬಿಬಿಜಾನ ಒಂದು ತಾಟು ತಂದಳು. "ಬ್ಯಾರೆ ಒಲಿ, ಬ್ಯಾರೆ ಬೋಗುಣಿ, ನನ್ನ ಕೈಯಾರೆ ಮಾಡೇನ್ರಿ. ರವಾ-ಬೆಲ್ಲದ ಸಜ್ಜಕ." ಅವನು ಎರಡು ಸಲ ಹಾಕಿಸಿಕೊಂಡು ತಿಂದ.

ಹೊರಡುವಾಗ ಎಲ್ಲರೂ ನೋಡುತ್ತಿದ್ದರು. ಅದೇ ಕೆಡಿಸಿತು. ಬಂದ ದಾರಿ ಬಿಟ್ಟು, ನಾಲ್ಕು ಗಾಲಿ ಇದ್ದವನಿಗೆ ದಾರಿ ಯಾಕೆ ಎಂದು ಗಾಡಿಯನ್ನು ಕೆರೆಯಂಗಳಕ್ಕೆ ಇಳಿಸಿದ. ಹಳೆಯ ಪಿಕಪ್ಪಾಗಿದ್ದರೆ ದಂಡೆಯಲ್ಲೇ ಸಿಕ್ಕಿಬೀಳುತ್ತಿತ್ತು. ಇದು ನಟ್ಟನಡುವಿನವರೆಗೆ ಹೋಗಿ, ನಾಲ್ಕೂ ಗಾಲಿ ಒಮ್ಮತದಿಂದ ಹೂತು, ಹೊಟ್ಟೆಯ ಮೇಲೆ ಕೂತಿತು.

ಕುತುಬುದ್ದೀನ ಕೆಸರು ತುಳಿಯುತ್ತ ಓಡಿ ಬಂದು ಬಗ್ಗಿ ನೋಡಿದ. "ಅಯ್ಯನೋರ, ನಾಲ್ಕೂ ಒಂದ ದಿಕ್ಕಿಗಿ ತಿರಗಾಕತ್ತಾವ! ನನ್ನ ಕೆಲಸ ಬರೋಬ್ಬರಿ ಐತಿ!"

"ನಿನ್ನ ಕೆಲಸಕ್ಕ ಬೆಂಕಿ ಹತ್ತಲಿ, ಹಗ್ಗ ತಾ!"

ಹೊಟ್ಟೆ ತುಂಬಿದ ಬೀಗರು ಹೊಸ ಬಟ್ಟೆಯಲ್ಲೇ ಇಳಿದರು. ಮದುಮಗ ಕೂಡ ಹೂವಿನ ಸೆಹರಾ ತೆಗೆದು ಸಗೀರಾಳ ಕೈಗೆ ಕೊಟ್ಟು ಹಗ್ಗ ಹಿಡಿದ. 'ಯಾ ಅಲಿ' ಎಂದು ಒಬ್ಬರು, 'ಹರ ಹರ' ಎಂದು ಇನ್ನೊಬ್ಬರು, ಬರೆಯಲಾಗದ ಮಾತುಗಳಿಂದ ಉಳಿದವರು ಎಳೆದರು. ಗಾಡಿ ಎದ್ದು ಬಂತು. ಬರುವಾಗ ಗಾಲಿಗಳು ಎರಚಿದ ಕೆಸರಿಗೆ ಎಲ್ಲರೂ ಒಂದೇ ಜಾತಿಯಾದರು.

ಮನೆಯಲ್ಲಿ ಸುಮಿತ್ರಾಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗಾಡಿ ಹೆಂಗ ಓಡಿತು?"

"ಭಾರಿ ಓಡಿತು."

ಅವಳು ನೀರು ಕಾಯಿಸಲು ಹೋದಳು.

ಆ ಮಳೆಗಾಲದಲ್ಲಿ ಯಾರ ಲಿಂಬೆಯೂ ತೋಟದಲ್ಲಿ ಕೊಳೆಯಲಿಲ್ಲ. ಚನ್ನಬಸಯ್ಯ ಮತ್ತೆ ಕೆರೆಯಂಗಳಕ್ಕೆ ಇಳಿಯಲೂ ಇಲ್ಲ. ಆಸೆ ಹೋಗಿತ್ತು ಅಂತಲ್ಲ. ಪಕ್ಕದ ಸೀಟಿನಲ್ಲಿ ಈಗ ಸುಮಿತ್ರಾಬಾಯಿ ಕೂರತೊಡಗಿದ್ದಳು.