ಸಾಹೇಬರ ಊಟ

ಇಕ್ಕಳದ ತುದಿಯಲ್ಲಿ ಸಿಗಡಿಯ ಚೂರು ಹಿಡಿದು ಸೊಸೆ ತೊಟ್ಟಿಯ ನೀರಿಗೆ ಕೈ ಇಳಿಸಿದಳು. ಸಾಹೇಬರು ತಿರುಗಿಯೂ ನೋಡಲಿಲ್ಲ. ಸಾಹೇಬರೆಂದರೆ ಹಾವಿನ ತಲೆಯ, ಮೊಳದುದ್ದದ ಬೇಟೆಮೀನು. ಕ್ಷೌರದಂಗಡಿಯ ಕನ್ನಡಿ ಪಕ್ಕದ ಗಾಜಿನ ತೊಟ್ಟಿಯಲ್ಲಿದ್ದುಕೊಂಡು, ಬಂದವರ ತಲೆಯನ್ನೆಲ್ಲ ತಪಾಸಣೆ ಮಾಡುವ ಅದರ ಗತ್ತು ನೋಡಿ ಗಿರಾಕಿಗಳೇ ಇಟ್ಟ ಹೆಸರು.

ನಾಲಿಗೆಯೂ ಸಾಹೇಬರದೇ. ಓಡಾಡುವ ಜೀವ ಕಂಡರೆ ಮಾತ್ರ ಬಾಯಿ ತೆರೆಯುವುದು. ಅದಕ್ಕಾಗಿ ಮಾವ ವರ್ಷಗಟ್ಟಲೆ ಬಲೆ ಹೊತ್ತು ಊರಾಚೆಯ ಕಾಲುವೆಗೆ ಹೋಗಿ ಪುಡಿಮೀನು ಹಿಡಿದು ತರುತ್ತಿದ್ದರು. ತಂದದ್ದನ್ನು ಹಾಗೇ ಸುರಿಯುತ್ತಿರಲಿಲ್ಲ. ಕಾಲುವೆ ಮೀನು ರೋಗ ಹೊತ್ತು ತರುತ್ತದೆಂದು ಬಕೆಟ್ಟಿನಲ್ಲಿ ಕೆಲವು ದಿನ ಬೇರೆ ಇಟ್ಟು, ಅವಕ್ಕೂ ಹೊಟ್ಟೆ ತುಂಬ ತಿನ್ನಿಸಿ, ಆಮೇಲೆ ಒಂದೊಂದಾಗಿ ಬಿಡುವುದು. ಬಿಡುವಾಗ "ಹೋಗಪ್ಪ, ತಪ್ಪು ತಿಳ್ಕೋಬೇಡ" ಎಂದು ಪ್ರತಿಯೊಂದಕ್ಕೂ ಹೇಳುತ್ತಿದ್ದರು. ಸೊಸೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಈಗ ಕಾಲುವೆಗೆ ಮಣ್ಣು ತುಂಬಿ ರಸ್ತೆ ಮಾಡುತ್ತಿದ್ದರು. ಅದಕ್ಕೂ ಮೊದಲೇ ಮಾವನ ಕೈಗೆ ನಡುಕ ಹತ್ತಿತ್ತು. ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಕೆನ್ನೆಯ ಮೇಲೆ ಸಣ್ಣ ಕೆಂಪು ಗೆರೆ ಮೂಡಿತು. ಆತ ಎಂದಿನಂತೆ ದುಡ್ಡು ಕೊಟ್ಟು ಹೋದರು. ಮಾವ ಮಾತ್ರ ಕತ್ತಿ ಒರೆಸಿ ಸೊಸೆಯ ಕೈಗಿಟ್ಟು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಅಂದಿನಿಂದ ಅವರ ಬಲಗೈ ತೊಡೆಯ ಮೇಲಿನ ಟವೆಲ್ಲಿನಡಿಯಿಂದ ಹೊರಗೆ ಬಂದದ್ದೇ ಅಪರೂಪ.

ಅವಳಿಗೆ ಕೆಲಸ ಕಲಿಸಿದವರೂ ಅವರೇ. ಗಂಡ ಲಾರಿ ಹತ್ತಿ ಊರೂರು ಸುತ್ತುವಾಗ ಮನೆಯಲ್ಲಿ ಕೂತು ಬೇಜಾರಾಗಿ ಅಂಗಡಿಗೆ ಬಂದವಳನ್ನು ಬಲೂನಿಗೆ ನೊರೆ ಹಚ್ಚಿ ಕ್ಷೌರ ಮಾಡಲು ಹಚ್ಚಿದ್ದರು. ಎಷ್ಟು ಬಲೂನು ಒಡೆದರೂ ಬೈಯಲಿಲ್ಲ. ಹೇಳಿದ್ದು ಒಂದೇ: ಕೈ ಅಲುಗಬಾರದು.

ಆ ಪಾಠ ಅವಳ ಮೈಗಂಟಿಬಿಟ್ಟಿತ್ತು. ಇಕ್ಕಳವನ್ನೂ ಹಾಗೇ ಹಿಡಿದಿದ್ದಳು, ಒಂದಿಷ್ಟೂ ಕದಲದಂತೆ. ಸಿಗಡಿಯ ಚೂರು ನೀರಿನಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಪೇಟೆಯಲ್ಲಿ ಮಾರುವ ಜೀವಂತ ಪುಡಿಮೀನು ಬೇಡವೆಂದು ಮಾವನ ಹಟ, ಹಿಂದೊಮ್ಮೆ ಅದು ತಂದ ರೋಗದಿಂದಲೇ ಸಾಹೇಬರ ಜೀವ ಹೋಗುವುದರಲ್ಲಿತ್ತು. ಹೀಗಾಗಿ ಸಾಹೇಬರದು ಉಪವಾಸ. ಅತ್ತ ಮೀನು ತಿನ್ನದಿದ್ದರೆ ಇತ್ತ ಮಾವನ ತಟ್ಟೆಯಲ್ಲೂ ಅನ್ನ ಅರ್ಧ ಉಳಿಯುತ್ತಿತ್ತು. ಸೊಸೆಗಿದ್ದ ದಿಗಿಲು ಮೀನಿನದಲ್ಲ.

"ಸಾಹೇಬರನ್ನ ಹೊಂಡ ಇರೋರಿಗೆ ಯಾರಿಗಾದ್ರೂ ಕೊಟ್ಬಿಡಮ್ಮ," ಎಂದರು ಮಾವ ಬೆಂಚಿನಿಂದ. "ನನ್ನ ಕೈಯಿಂದ ಇನ್ನು ಯಾರಿಗೂ ಉಪಯೋಗ ಇಲ್ಲ."

ಅಷ್ಟರಲ್ಲಿ ಶಾಲೆಯ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು, ಹೊತ್ತಾಯಿತೆಂದು ಅವಸರ ಮಾಡತೊಡಗಿದರು. ಕಣ್ಣು ಒದ್ದೆಯಾದದ್ದು ಕಾಣದಿರಲೆಂದು ಅವಳು ಗಡಿಬಿಡಿಯಲ್ಲಿ ಇಕ್ಕಳವನ್ನು ಮಾವನ ಕಡೆ ಚಾಚಿದಳು.

"ಸ್ವಲ್ಪ ಹಿಡ್ಕೊಂಡಿರಿ ಮಾವ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪರರ ಎದುರಿಗೆ ಆ ಕೈ ಹೊರತೆಗೆಸಿಬಿಟ್ಟೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಆದರೆ ಮಾವ ಎದ್ದಿದ್ದರು. ಟವೆಲ್ಲು ಜಾರಿ ನೆಲಕ್ಕೆ ಬಿತ್ತು.

ಇಕ್ಕಳ ನೀರಿಗಿಳಿಯಿತು. ಕೈ ನಡುಗಿತು, ಅದರ ತುದಿಯಲ್ಲಿ ಸಿಗಡಿಯ ಚೂರು ಪಟಪಟನೆ ಅದುರಿತು, ಥೇಟ್ ಕಾಲುವೆಯ ಪುಡಿಮೀನೇ. ಸಾಹೇಬರು ಮೆಲ್ಲಗೆ ತಲೆ ತಿರುಗಿಸಿದರು. ಒಂದು ಕ್ಷಣ ಅಳೆದು ನೋಡಿದರು. ಮರುಕ್ಷಣ ನೀರು ಚಿಮ್ಮಿ ಮಾವನ ಅಂಗಿ ತೋಯ್ದಿತ್ತು, ಇಕ್ಕಳ ಬರಿದಾಗಿತ್ತು.

ಮಾವ ಖಾಲಿ ಇಕ್ಕಳವನ್ನೇ ನೋಡುತ್ತಾ ನಿಂತರು.

"ಇನ್ನೊಂದು ಚೂರು ಕೊಡಮ್ಮ," ಎಂದರು ಆಮೇಲೆ.

ಕೊಟ್ಟಳು. ನೆಲದಲ್ಲಿದ್ದ ಟವೆಲ್ಲನ್ನು ಎತ್ತಿ ಮೂಲೆಯ ಒಗೆಯುವ ಬುಟ್ಟಿಗೆ ಹಾಕಿದಳು. ಕುರ್ಚಿಯ ಬಳಿ ಬಂದು ಮೇಷ್ಟ್ರ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿದವಳು, ತನ್ನ ಕೈ ಅಲುಗುವುದು ನಿಲ್ಲಲೆಂದು ಹಾಗೇ ಕಾದು ನಿಂತಳು.